ಒಳಗಿನ ಚಿಲಕ

"ಢಂ!"

ಒಡೆದದ್ದು ಒಂದು ಬಲೂನು. ಅಷ್ಟೇ!

ಅದು ಅವಳ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟು ನೋಡಿದಾಗ ಅವಳು ಯಾವುದೋ ಮೇಜಿನ ಕೆಳಗೆ ಮುದುಡಿ ಕೂತಿದ್ದಳು. ಎರಡೂ ಕೈ ತಲೆಯ ಮೇಲೆ... ಎದೆಬಡಿತ ಕಿವಿಗೇ ಕೇಳಿಸುತ್ತಿತ್ತು. ಕಣ್ಣೆದುರಿಗೆ ಒಂದು ಜೊತೆ ಹಳೆಯ ಬೂಟು, ಒಂದು ಉಪಕರಣದ ಪೆಟ್ಟಿಗೆ, ನೆಲದವರೆಗೆ ಇಳಿಬಿದ್ದ ನೇರಳೆ ಬಟ್ಟೆಯ ಅಂಚು.

ಆಸ್ಪತ್ರೆಯ ಅಂಗಳದಲ್ಲಿ ಅಂದು ಮಾನಸಿಕ ಆರೋಗ್ಯ ದಿನ. ಮೈಕು, ಕುರ್ಚಿ, ಸಾಲು ಮಳಿಗೆಗಳು. ವೇದಿಕೆಯ ಮೇಲೆ 'ಮೌನ ಮುರಿಯಿರಿ' ಎಂಬ ದೊಡ್ಡ ಬ್ಯಾನರು. ಕಂಬಕಂಬಕ್ಕೂ ಬಲೂನು ಕಟ್ಟಿಸಿದ ಪುಣ್ಯಾತ್ಮರು ಯಾರೋ! ಸದ್ದಿಗೆ ಬೆಚ್ಚಿ ಬೀಳುವವರನ್ನೇ ಕರೆದು ಕೂರಿಸಿ, ಸದ್ದು ಮಾಡುವ ವಸ್ತುವಿನಿಂದಲೇ ಸಿಂಗಾರ. ಉದ್ದೇಶವೇನೋ ಒಳ್ಳೆಯದೇ, ಪಾಪ.

"ಅಯ್ಯೋ, ಯಾರೋ ಬಿದ್ರು ನೋಡಿ!"

"ಯಾರದು ಮೇಜಿನ ಕೆಳಗೆ? ಹುಷಾರಿಲ್ವಾ?"

ಹೆಜ್ಜೆಗಳು ಹತ್ತಿರವಾದವು. 'ಭೂಮಿ ಬಾಯಿಬಿಟ್ಟು ನುಂಗಬಾರದೇ ನನ್ನನ್ನು...' ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಆಗ ಬೂಟುಗಳ ಒಡೆಯ ಮಾತಾಡಿದ. ಏರಿಳಿತವಿಲ್ಲದ, ನಿಧಾನದ ದನಿ.

"ಯಾರೂ ಬಿದ್ದಿಲ್ಲ. ನನ್ನ ಸ್ಕ್ರೂ ಬಿದ್ದಿದೆ. ಪಾಪ, ಇವರು ಹುಡುಕಿಕೊಡ್ತಿದ್ದಾರೆ. ತುಳೀಬೇಡಿ, ಸ್ವಲ್ಪ ಆ ಕಡೆ ಹೋಗಿ."

ಹೆಜ್ಜೆಗಳು ದೂರವಾದವು. ಮರುಕ್ಷಣ, ಟಣ್ ಎಂದು ಒಂದು ಪುಟ್ಟ ಸ್ಕ್ರೂ ಅವಳ ಪಾದದ ಬಳಿಯೇ ಬಂದು ಬಿತ್ತು.

"ಈಗ ನಿಜವಾಗ್ಲೂ ಬಿದ್ದಿದೆ," ಎಂದಿತು ಅದೇ ದನಿ, ಇನ್ನೂ ಮೆಲ್ಲಗೆ. "ಸುಳ್ಳು ಹೇಳಿದ ಹಾಗಾಗಬಾರದಲ್ಲ. ಸಿಕ್ಕಿದಾಗ ಕೊಡಿ. ಅವಸರ ಇಲ್ಲ."

ಅವಳಿಗೆ ಅಳು ಬರಬೇಕಿತ್ತು. ನಗು ಬಂತು!

ಸಾಕಷ್ಟು ಹೊತ್ತಿನ ಮೇಲೆ ಎದ್ದು ಬಂದು ಸ್ಕ್ರೂವನ್ನು ಮೇಜಿನ ಮೇಲಿಟ್ಟಳು. ಎದುರಿಗೆ ನಲವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಬಿಚ್ಚಿದ ಬೀಗ. ಹಿಂದೆ ಒಂದು ಫಲಕ: 'ಒಂಟಿಯಾಗಿರುವ ಹೆಣ್ಣುಮಕ್ಕಳ ಮನೆಗೆ ಬೀಗ ಬದಲಾವಣೆ ಉಚಿತ'. ಏನಾಯಿತು ಎಂದು ಅವನು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ.

"ಥ್ಯಾಂಕ್ಸ್," ಎಂದು ಸ್ಕ್ರೂ ಜೇಬಿಗೆ ಹಾಕಿಕೊಂಡ.

ಅವಳು ಫಲಕವನ್ನು ಎರಡು ಸಲ ಓದಿದಳು. ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟಳು. "ನಮ್ಮನೆಗೂ... ಬರ್ತೀರಾ?"

---

ಅವಳದು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಸಣ್ಣ ಅರದಿಂದ ಉಜ್ಜಿ ನಯ ಮಾಡಬೇಕು. ಒಮ್ಮೆ ಕೈಯಲ್ಲಿ ಹಾದುಹೋದ ಹಲ್ಲಿನ ಸಾಲನ್ನು ಅವಳು ಮರೆಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ ಮುಖಕ್ಕಿಂತ ಮೊದಲು ಹಲ್ಲಿನ ಗುರುತು ಹತ್ತುತ್ತಿತ್ತು.

ಅದಕ್ಕೂ ಹಿಂದೆ ಅವಳಿಗೊಬ್ಬ ಗಂಡನಿದ್ದ. ಹೊರಗೆ ಅವನಿಗೆ 'ದೇವರಂಥ ಮನುಷ್ಯ' ಎಂಬ ಹೆಸರು! ಆ ಮನೆಯ ಯಾವ ಬಾಗಿಲಿಗೂ ಒಳಗಿನಿಂದ ಚಿಲಕವಿರಲಿಲ್ಲ. ಮದುವೆಯಾದ ಹೊಸತರಲ್ಲೇ ಒಂದೊಂದಾಗಿ ಬಿಚ್ಚಿಹಾಕಿದ್ದ. ಬಚ್ಚಲುಮನೆಯದೂ.

"ನಿನ್ನ ಒಳ್ಳೇದಕ್ಕೇ ಕಣೇ. ಒಳಗೆ ತಲೆ ಸುತ್ತಿ ಬಿದ್ರೆ ಯಾರು ಗತಿ?"

ಹೊಡೆಯುತ್ತಿದ್ದದ್ದೂ ಅವಳ ಒಳ್ಳೆಯದಕ್ಕೇ ಅಂತೆ. ಹೇಳಿಕೊಂಡಾಗ ಬಂಧುಗಳು ಗಾದೆ ಹೇಳಿದರು, 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು. ಉಣ್ಣಲೂ ಬಿಡದ, ಮಲಗಲೂ ಬಿಡದ ಜಗಳದ ಬಗ್ಗೆ ಅವರಲ್ಲಿ ಯಾರಿಗೂ ಗಾದೆ ಗೊತ್ತಿರಲಿಲ್ಲ.

ಬಿಟ್ಟು ಬಂದಳು. ಕಾಗದದ ಮೇಲೂ ಬಿಡುಗಡೆಯಾಯಿತು. ಆದರೆ ಮನಸ್ಸು ಕಾಗದ ನೋಡಿ ನಡೆಯುತ್ತದೆಯೇ? ಒಂದು ಸಲ ಕೋಣೆ ಸೇರಿ ಬಾಗಿಲು ಹಾಕಿಕೊಂಡವಳು ತೆಗೆಯಲೇ ಇಲ್ಲ. ಊಟವಿಲ್ಲ, ಮಾತಿಲ್ಲ... ಅವಳ ಚಿಕ್ಕಮ್ಮ ಕೊನೆಗೆ ಬಾಗಿಲು ಒಡೆಸಿ, ತಾನೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ್ದಳು. ಖಿನ್ನತೆ ಎಂದರು ಡಾಕ್ಟರು. ಮಾತ್ರೆ, ಮಾತು, ತಾಳ್ಮೆ ಎಲ್ಲವೂ ಸೇರಿ ಅವಳನ್ನು ನಿಧಾನಕ್ಕೆ ಎಬ್ಬಿಸಿದವು.

ಈ ಚಿಕ್ಕಮ್ಮ ಅದೇ ಆಸ್ಪತ್ರೆಯ ಹಿರಿಯ ನರ್ಸು. ವರ್ಷದಲ್ಲಿ ಬರುವ ಅರಿವಿನ ದಿನಗಳೆಲ್ಲ ಅವಳ ತಲೆಯ ಮೇಲೆಯೇ. (ಬಲೂನು ಕಟ್ಟಿಸಿದ ಪುಣ್ಯಾತ್ಮಳೂ ಅವಳೇ!) ಬಾಯಿ ಜೋರು, ಕರುಳು ಅದಕ್ಕಿಂತ ಜೋರು. ಅವಳ ಮನೆಯ ಹಿಂದಿನ ಬೀದಿಯಲ್ಲೇ, ಮಹಡಿಯ ಮೇಲೆ, ನಮ್ಮ ಹುಡುಗಿಯ ಬಾಡಿಗೆ ಮನೆ. ಮೂವತ್ತು ದಾಟಿದವಳನ್ನು ಹುಡುಗಿ ಎನ್ನುವುದೇ ಎಂದು ಕೇಳಬೇಡಿ. ಚಿಕ್ಕಮ್ಮ ಇರುವವರೆಗೂ ಅವಳು ಹುಡುಗಿಯೇ.

---

ಬೀಗದವನು ಹೇಳಿದ ದಿನವೇ ಬಂದ. ಹೊಸಿಲಿನ ಹೊರಗೇ ನಿಂತು, "ಒಳಗೆ ಬರಬಹುದಾ?" ಎಂದು ಕೇಳಿದ. ಕೇಳಿದ್ದಕ್ಕೇ ಅವಳಿಗೆ ಏನೋ ಆಯಿತು. ಎಷ್ಟು ವರ್ಷವಾಗಿತ್ತು ಯಾರಾದರೂ ಹಾಗೆ ಕೇಳಿ!

ಹಳೆಯ ಬೀಗ ಕಳಚಿ ಹೊಸದನ್ನು ಕೂರಿಸಿದ. ಕೀಯನ್ನು ಯಂತ್ರಕ್ಕೆ ಕೊಡದೆ, ಅವಳೆದುರೇ ಕೂತು ಅರದಿಂದ ಒಂದೊಂದೇ ಹಲ್ಲು ಕೆತ್ತಿದ. ಕೊನೆಯದನ್ನು ಉಳಿಸಿ, ಅರವನ್ನು ಅವಳ ಕಡೆಗೆ ಚಾಚಿದ.

"ಇದನ್ನ ನೀವು ಉಜ್ಜಿ."

"ನಾನಾ? ಯಾಕೆ?"

"ಮನೆ ನಿಮ್ದಲ್ವಾ. ಕೀ ನಿಮ್ಮ ಕೈಯಲ್ಲೇ ಮುಗೀಬೇಕು. ಎಲ್ಲರಿಗೂ ಹೀಗೇ ಮಾಡೋದು ನಾನು."

ಅವಳಿಗೆ ನಗು. "ದಿನವಿಡೀ ಹಲ್ಲು ಉಜ್ಜೋದೇ ನನ್ನ ಕೆಲಸ, ಗೊತ್ತಾ? ಮನುಷ್ಯರದ್ದು."

"ಹಾಗಾದ್ರೆ ನಾನು ಸುಮ್ಮನೆ ಹೆಚ್ಚು ಮಾತಾಡಿದೆ," ಎಂದು ಅವನೂ ನಕ್ಕ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದ. ಎಡಗಡೆಯ ಕೋರೆಹಲ್ಲು ಓರೆ ಇತ್ತು. ಅವಳು ಆಗಲೇ ನೋಡಿಬಿಟ್ಟಿದ್ದಳು!

ಅದನ್ನೇ ನೆನೆದು ಉಜ್ಜಿದ್ದಕ್ಕೋ ಏನೋ, ಅವಳ ಕೈ ಜಾರಿತು.

"ಅಯ್ಯೋ! ಓರೆ ಆಯ್ತಲ್ಲ..."

ಅವನು ಕೀ ತೂರಿಸಿ ತಿರುಗಿಸಿದ. ಬೀಗ ತೆರೆಯಿತು. "ಬೀಗಕ್ಕೆ ಅಭ್ಯಂತರ ಇಲ್ಲ. ಮತ್ತೆ ನಮಗೇನು?"

ಇನ್ನೊಂದನ್ನೂ ಅದೇ ಓರೆಯ ಸಮೇತ ಕೆತ್ತಿ, ಎರಡನ್ನೂ ಅವಳ ಅಂಗೈಯಲ್ಲಿಟ್ಟ. ಚಿಲಕ ಸಡಿಲವಾಗಿತ್ತು, ಅದನ್ನೂ ಬಿಗಿ ಮಾಡಿದ.

"ಈ ಬಾಗಿಲಿಗೆ ಎರಡೇ ಕೀ. ಎರಡೂ ನಿಮ್ಮವು. ನನ್ನ ಹತ್ರ ಅಳತೆ ಗಿಳತೆ ಏನೂ ಉಳಿಯಲ್ಲ."

ಅಂದು ಅವಳು ಮಾತ್ರೆ ನುಂಗಿ ಮಲಗಿದ ಮೇಲೆ, ನಡುವೆ ಎದ್ದು ಬಾಗಿಲು ನೋಡಲಿಲ್ಲ. ಬೆಳಗಾದ ಮೇಲೆಯೇ ಅದು ಅವಳಿಗೆ ಹೊಳೆದದ್ದು.

---

ಆಮೇಲೆ? ಆಮೇಲೆ ನೆಪಗಳು ಹುಟ್ಟಿಕೊಂಡವು. ಲ್ಯಾಬಿನ ಅರ ಸವೆಯಿತು ಎಂದು ಅವಳು ಅವನ ಅಂಗಡಿಗೆ ಹೋದಳು. ಅವನಿಗೆ ಹಲ್ಲುನೋವು ಬಂತು, ಲ್ಯಾಬಿನಲ್ಲಿ ಹಲ್ಲು ಕೀಳುವುದಿಲ್ಲ ಎಂದು ಗೊತ್ತಿದ್ದೂ ಅಲ್ಲಿಗೇ ಬಂದ! ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಇಬ್ಬರೂ ಟೀ ಕುಡಿಯುವುದು ರೂಢಿಯಾಯಿತು.

ಅಂಥ ಒಂದು ಸಂಜೆ ಅವಳು ಕೇಳಿದಳು. "ಈ ಕೆಲಸಕ್ಕೆ ಹೇಗೆ ಬಂದ್ರಿ?"

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿದ. ಆಮೇಲೆ ಹೇಳಿದ.

"ಅಮ್ಮಂಗೆ ಮನಸ್ಸು ಸರಿ ಇರ್ತಿರಲಿಲ್ಲ. ಬಾಗಿಲು ಹಾಕ್ಕೊಂಡ್ರೆ ತೆಗೀತಿರಲಿಲ್ಲ. ಪ್ರತಿ ಸಲ ಅಪ್ಪ ಒಡೆಯೋದು. ಆ ಸದ್ದಿಗೆ ಅವಳು ಇನ್ನೂ ಹೆದರೋದು. ಒಡೆಯದೆ ತೆಗೆಯೋದು ಹೇಗೆ ಅಂತ ಕಲಿಯೋಕೆ ಬೀಗದಂಗಡಿ ಸೇರಿದೆ."

"ಕಲಿತ್ರಾ?"

"ಕಲಿತೆ. ಒಂದು ದಿನ ಅಂಗಡಿಯಿಂದ ಮನೆಗೆ ಬರೋದು ತಡ ಆಯ್ತು." ಅವನು ಅಲ್ಲಿಗೇ ನಿಲ್ಲಿಸಿದ.

ಆರಿಹೋದ ಅವನ ಟೀಯನ್ನು ತೆಗೆದುಕೊಂಡು, ತನ್ನ ಲೋಟದಲ್ಲಿದ್ದ ಬಿಸಿಯದನ್ನು ಅವನಿಗೆ ಕೊಟ್ಟಳು. 'ಇವನ ಹತ್ತಿರ ಕೂತರೆ ನನ್ನ ಹೆಗಲು ಕೆಳಗಿಳಿಯುತ್ತದೆ. ಇದೇನಾ ಅದು?' ಎಂದು ಅವಳ ಮನಸ್ಸು ಕೇಳಿತು. ಹೌದು, ಅದೇ. ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಭಯ.

---

ಕೌಟುಂಬಿಕ ಹಿಂಸೆ ತಡೆ ಸಪ್ತಾಹ ಬಂತು. ಅದೇ ಅಂಗಳ, ಅದೇ ಬ್ಯಾನರು, ಅದೇ ಜಾಗದಲ್ಲಿ ಬೀಗದವನ ಮಳಿಗೆ. ಈ ಸಲ ಬಲೂನಿಲ್ಲ, ನೇರಳೆ ರಿಬ್ಬನ್ನುಗಳು.

"ನೀನು ನಾಲ್ಕು ಮಾತಾಡ್ಬೇಕು ಕಣೇ," ಎಂದಿದ್ದಳು ಚಿಕ್ಕಮ್ಮ. "ನಾನು ನೂರು ಸಲ ಹೇಳೋದೂ ಒಂದೇ, ನೀನು ಒಂದು ಸಲ ಹೇಳೋದೂ ಒಂದೇ."

ಅವಳು ಒಪ್ಪಿದ್ದಳು! ವೇದಿಕೆಯ ಹಿಂದೆ ನಿಂತು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಅವಳ ಎದೆಗೆ ರಿಬ್ಬನ್ ಚುಚ್ಚಲು ಪಿನ್ನು ಬೇಕೆಂದು ಚಿಕ್ಕಮ್ಮ ಕೈಚೀಲ ಕೆದಕಿದಳು. ಕರವಸ್ತ್ರ, ಥರ್ಮಾಮೀಟರು, ಕೀಗೊಂಚಲು... ಒಂದೊಂದೇ ಅವಳ ಕೈಗೆ ಬಂದವು.

"ಹಿಡ್ಕೋ ಇದನ್ನೆಲ್ಲ. ಎಲ್ಲಿ ಹೋಯ್ತಪ್ಪಾ ಪಿನ್ನು..."

ಅವಳು ಗೊಂಚಲಿನ ಒಂದು ಕೀಯ ಹಲ್ಲುಗಳನ್ನೇ ನೋಡುತ್ತಿದ್ದಳು. ಮೊದಲು ಆಳದ್ದೊಂದು. ಆಮೇಲೆ ಎರಡು ಗಿಡ್ಡ. ಕೊನೆಯಲ್ಲಿ... ಓರೆಯಾದ ಒಂದು ಹಲ್ಲು.

ಹಲ್ಲಿನ ಸಾಲನ್ನು ಅವಳು ಮರೆಯುವವಳಲ್ಲ. ತನ್ನದೇ ಕೈ ಜಾರಿದ ಗುರುತನ್ನು ಮರೆಯುತ್ತಾಳೆಯೇ? ಅವಳ ಎರಡೂ ಕೀಗಳು ಅವಳ ಪರ್ಸಿನಲ್ಲಿದ್ದವು. ಇದು ಮೂರನೆಯದು!

ಅವಳು ಸೀದಾ ನಡೆದು, ಬೀಗದವನ ಮಳಿಗೆಯ ಮೇಜಿನ ಮೇಲೆ ಆ ಗೊಂಚಲನ್ನು ಇಟ್ಟಳು. ಅಂದು ಸ್ಕ್ರೂ ಇಟ್ಟ ಜಾಗದಲ್ಲೇ.

"ಇದು ಯಾರ ಮನೇದು?"

ಅವನು ನೋಡಿದ. ಮುಖ ಕಳೆಗುಂದಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಿಮ್ದು."

"ಕೆತ್ತಿದ್ದು ಯಾರು?"

"ನಾನೇ."

"ಎರಡೇ ಅಂದಿದ್ರಿ! ಏನೂ ಉಳಿಯಲ್ಲ ಅಂದಿದ್ರಿ!"

"ಉಳಿಸಿಕೊಂಡಿರಲಿಲ್ಲ. ಆದ್ರೆ... ಕೈ ಮರೀಲಿಲ್ಲ."

ಅಷ್ಟರಲ್ಲಿ ಏದುಸಿರು ಬಿಡುತ್ತ ಚಿಕ್ಕಮ್ಮ ಬಂದಳು. "ಅವನ್ನ ಯಾಕೆ ಬೈತೀಯಾ? ನಾನೇ ದುಂಬಾಲು ಬಿದ್ದು ಮಾಡಿಸಿಕೊಂಡಿದ್ದು. ನಿನ್ನ ಒಳ್ಳೇದಕ್ಕೇ ಕಣೇ!"

ನಿನ್ನ ಒಳ್ಳೇದಕ್ಕೇ ಕಣೇ.

ಅದೇ ಮಾತು. ಅಕ್ಷರವೂ ಬದಲಾಗಿಲ್ಲ... ಮೈಕಿನಲ್ಲಿ ಅವಳನ್ನು ವೇದಿಕೆಗೆ ಕರೆಯುತ್ತಿದ್ದರು. ಅವಳು ಹಿಂದಿರುಗಿಯೂ ನೋಡದೆ ಗೇಟು ದಾಟಿದಳು.

---

ಮನೆಗೆ ಬಂದು ಬೀಗ ಹಾಕಿ, ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ಒತ್ತಿಟ್ಟಳು. ಹಳೆಯ ಭಾರ ಮತ್ತೆ ಎದೆಯ ಮೇಲೆ ಬಂದು ಕೂರಲು ನೋಡಿತು. 'ಇಲ್ಲ, ಈ ಸಲ ಮಲಗುವುದಿಲ್ಲ,' ಎಂದುಕೊಂಡಳು. ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದಳು. ಮಾತ್ರೆ ತೆಗೆದುಕೊಂಡಳು. ಮರುದಿನ ಕೆಲಸಕ್ಕೂ ಹೋದಳು. ಕೆಳಸಾಲಿನ ಹಲ್ಲನ್ನು ಮೇಲ್ಸಾಲಿಗೆ ಕೂರಿಸಿ ಬೈಸಿಕೊಂಡಳು, ಆ ಮಾತು ಬೇರೆ. ಅವನ ಅಂಗಡಿ ತಪ್ಪಿಸಲು ಸುತ್ತು ಹಾಕಿ ಮನೆಗೆ ಬಂದಳು.

ಚಿಕ್ಕಮ್ಮ ಫೋನ್ ಮಾಡಿದರೆ ಒಂದೇ ಉತ್ತರ. "ಬದುಕಿದ್ದೀನಿ. ಊಟ ಮಾಡಿದ್ದೀನಿ. ಇಡ್ತೀನಿ."

ಒಂದು ರಜೆಯ ದಿನ, ಇನ್ನೂ ಬೆಳಕಿರುವ ಸಂಜೆ, ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಅದು ಮೇಲೆ ಬರಲಿಲ್ಲ, ನಡುವೆಯೇ ನಿಂತಿತು.

"ನಾನು. ಬಾಗಿಲು ತೆಗೀಬೇಡಿ. ತೆಗೀಲಿ ಅಂತ ಬಂದಿಲ್ಲ."

ಅವಳು ಬಾಗಿಲ ಹತ್ತಿರ ಬಂದು ನಿಂತಳು.

"ಹೊಸಿಲ ಹತ್ರ ಒಂದು ಹೊಸ ಬೀಗ ಇಟ್ಟಿದ್ದೆ ಮಧ್ಯಾಹ್ನವೇ. ಡಬ್ಬದ ಸೀಲು ಒಡೆದಿಲ್ಲ. ಅದರ ಕೀ ನಾನು ನೋಡಿಲ್ಲ. ನೋಡಿದ್ರೆ ಕೈ ನೆನಪಿಟ್ಟುಕೊಳ್ಳುತ್ತೆ, ಅದಕ್ಕೇ. ಸ್ಕ್ರೂಡ್ರೈವರೂ ಇದೆ. ನೀವೇ ಹಾಕ್ಕೊಳ್ಳಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಇಲ್ಲಿಂದ ಹೇಳ್ತೀನಿ. ಬೇಡ ಅಂದ್ರೆ ಹೋಗ್ತೀನಿ."

ಅವಳು ಚಿಲಕ ಸರಿಸಿ, ಬಾಗಿಲನ್ನು ಕೈ ತೂರುವಷ್ಟೇ ತೆರೆದು ಡಬ್ಬವನ್ನು ಒಳಗೆಳೆದುಕೊಂಡಳು. ಮತ್ತೆ ಚಿಲಕ. ಹಳೆಯ ಬೀಗದ ಸ್ಕ್ರೂಗಳನ್ನು ಕಳಚುತ್ತ, ಸಿಟ್ಟೆಲ್ಲ ಅದರ ಮೇಲೆ ತೀರಿಸಿಕೊಳ್ಳುತ್ತ, ಕೊನೆಗೆ ಬಾಯಿಬಿಟ್ಟಳು.

"ಯಾಕೆ ಕೆತ್ತಿದ್ರಿ? ಹೇಳಿ! ನನ್ನ ಒಳ್ಳೇದಕ್ಕೆ ಅನ್ನಿ!"

"ಇಲ್ಲ," ಎಂದ ಅವನು. "ನಿಮ್ಮ ಒಳ್ಳೇದಕ್ಕಲ್ಲ. ನಮ್ಮ ಭಯಕ್ಕೆ."

ಅವಳ ಕೈ ನಿಂತಿತು.

"ನಿಮ್ಮ ಚಿಕ್ಕಮ್ಮ ಅಂಗಡಿಗೆ ಬಂದು ಅತ್ತರು. 'ಅವಳು ಮತ್ತೆ ಬಾಗಿಲು ಹಾಕ್ಕೊಂಡ್ರೆ, ನಾನು ಬರೋದು ತಡ ಆದ್ರೆ?' ಅಂದ್ರು. ತಡ ಆದ್ರೆ ಅನ್ನೋ ಮಾತು ಕೇಳಿದ ಮೇಲೆ ನನ್ನ ಬುದ್ಧಿ ಓಡಲಿಲ್ಲ. ನನಗೆ ಅಮ್ಮನ ಬಾಗಿಲೇ ಕಂಡಿದ್ದು. ನಿಮ್ಮನ್ನ ಒಂದು ಮಾತು ಕೇಳಬಹುದಿತ್ತು. ಕೇಳ್ಲಿಲ್ಲ. ತಪ್ಪಾಯ್ತು." ದನಿ ಒಡೆಯಿತು. "ನಿಮ್ಮನ್ನ ಕಳ್ಕೊಳ್ಳೋ ಭಯ ನನಗೂ ಇತ್ತು. ಅದನ್ನ ನಿಮಗೆ ಹೇಳೋ ಬದಲು, ಕೀ ಕೆತ್ತಿ ಇನ್ನೊಬ್ಬರ ಕೈಗೆ ಕೊಟ್ಟೆ."

ಅವಳ ಕಣ್ಣು ತುಂಬಿತು. ಆ ಗಂಡ ಎಂದಾದರೂ 'ತಪ್ಪಾಯ್ತು' ಎಂದಿದ್ದನೇ? ಎಂದಿದ್ದ. ನೂರು ಸಲ. ಪ್ರತಿ ಸಲವೂ ಹಿಂದೆಯೇ 'ಆದರೆ ನೀನೂ...' ಬರುತ್ತಿತ್ತು. ಅವಳು ಆ 'ಆದರೆ'ಗಾಗಿ ಕಾದಳು. ಅದು ಬರಲೇ ಇಲ್ಲ.

ಕಣ್ಣು ಮಂಜಾಗಿ ಕೈ ತಪ್ಪಿತು. ಟಣ್! ಸ್ಕ್ರೂ ನೆಲಕ್ಕೆ ಬಿದ್ದು, ಉರುಳಿ, ಬಾಗಿಲಡಿಯ ಸಂದಿಯಿಂದ ಹೊರಗೆ ಹೋಯಿತು.

ಅವಳು ಬಗ್ಗಿ ಸಂದಿ ನೋಡಿದಳು.

"ಸ್ಕ್ರೂ ಬಿತ್ತು," ಎಂದಳು ಅವಳು.

"ಹುಡುಕಿಕೊಡ್ತೀನಿ..." ಅವನು ತಡವರಿಸಿದ. "ಅವಸರ ಇಲ್ಲ ತಾನೇ?"

ಅವಳು ಬಾಗಿಲಿಗೆ ಹಣೆ ಒತ್ತಿ ಅತ್ತಳು, ನಕ್ಕಳು, ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಹೆಜ್ಜೆಗಳು ಮೇಲೆ ಬಂದವು. ಸಂದಿಯಿಂದ ಎರಡು ಬೆರಳು ಸ್ಕ್ರೂವನ್ನು ಒಳಗೆ ತಳ್ಳಿ, ತಕ್ಷಣ ಹಿಂದೆ ಸರಿದವು.

ಬೀಗ ಕೂರಿಸಿ ಮುಗಿಸಿದ ಮೇಲೆ ಅವಳು ಹೇಳಿದಳು. "ನಾಳೆ ಚಿಕ್ಕಮ್ಮನ್ನ ಕರ್ಕೊಂಡು ಬನ್ನಿ. ಇಬ್ಬರಿಗೂ ಒಂದು ಮಾತು ಹೇಳೋದಿದೆ."

ಮರುದಿನ ಬಾಗಿಲು ತೆರೆದೇ ಇತ್ತು. ಚಿಕ್ಕಮ್ಮ ಎಂದೂ ಇಲ್ಲದ ಹಾಗೆ ಹೊಸಿಲಲ್ಲೇ ನಿಂತು, "ಬರ್ಲಾ?" ಎಂದಳು. ಬಾಯಿ ಜೋರಿನ ಚಿಕ್ಕಮ್ಮ!

"ಬಾ ಒಳಗೆ. ನಾನು ಹುಷಾರು ತಪ್ಪಬಹುದು, ಚಿಕ್ಕಮ್ಮ. ನನಗೂ ಗೊತ್ತು. ಬೆಳಿಗ್ಗೆ ಕಿಟಕಿ ಪರದೆ ಸರಿಸಿಲ್ಲ ಅಂದ್ರೆ ಬಂದು ಕೂಗು. ತೆಗೀದೆ ಇದ್ರೆ ಒಡೆಸು."

"ಒಡೆಸೋದಾ? ಅದಕ್ಕಿಂತ ಒಂದು ಕೀ ಇದ್ರೆ..."

"ಬೇಡ. ಒಡೆದ್ರೆ ನನಗೆ ಗೊತ್ತಾಗುತ್ತೆ. ಕೀಯಿಂದ ಬಂದ್ರೆ ಗೊತ್ತೇ ಆಗಲ್ಲ. ಯಾವಾಗ ಯಾರು ಬರ್ತಾರೋ ಅಂತ ಕಾದು ಕಾದೇ ಆ ಮನೇಲಿ ಅರ್ಧ ಸತ್ತಿದ್ದು ನಾನು."

ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅವಳನ್ನು ಬರಸೆಳೆದು ತಬ್ಬಿಕೊಂಡಳು. "ಒಡೆಸ್ತೀನಿ ಬಿಡು. ಗೋಡೆ ಸಮೇತ ಒಡೆಸ್ತೀನಿ!"

---

ಸಪ್ತಾಹದ ಕೊನೆಯ ದಿನ. ಅವಳು ವೇದಿಕೆ ಹತ್ತಿದಳು. ಮೈಕು ಕೀರಲಿತು. ಹಿಂದಿನ ಸಾಲಿನವರು ಬಿಸ್ಕತ್ತು ಹಂಚಿಕೊಳ್ಳುತ್ತಿದ್ದರು. ಜೋಡಿಸಿಟ್ಟ ಮಾತುಗಳೆಲ್ಲ ಮರೆತುಹೋದವು.

"ನನಗೆ ಭಾಷಣ ಬರಲ್ಲ. ಒಂದೇ ಮಾತು. ಮನೆಗೆ ಹೋಗಿ ನಿಮ್ಮ ಬಾಗಿಲುಗಳನ್ನ ನೋಡಿ. ಒಳಗಿನಿಂದ ಚಿಲಕ ಇದೆಯಾ ನೋಡಿ. ಯಾರಾದ್ರೂ ಬಿಚ್ಚಿದ್ರೆ, ನಿಮ್ಮ ಒಳ್ಳೇದಕ್ಕೇ ಅಂದಿದ್ರೂ ಸರಿ... ಇಲ್ಲಿ ಬಂದು ನಮಗೆ ಹೇಳಿ. ನಾನು ಇಲ್ಲೇ ಇರ್ತೀನಿ."

ಚಪ್ಪಾಳೆ ತಡವಾಗಿ ಬಂತು. ಅವಳು ಇಳಿಯುವ ಹೊತ್ತಿಗೆ, ಬಿಸ್ಕತ್ತಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಮೆಟ್ಟಿಲ ಬಳಿ ಬಂದು ನಿಂತಿದ್ದಳು. ಕಣ್ಣು ನೆಲದಲ್ಲಿತ್ತು. "ನಮ್ಮನೇಲೂ ಇಲ್ಲ," ಎಂದಳು ಪಿಸುದನಿಯಲ್ಲಿ. ಅವಳು ಆಕೆಯ ಕೈ ಹಿಡಿದು ಚಿಕ್ಕಮ್ಮನ ಹತ್ತಿರ ಕರೆದೊಯ್ದು ಕೂರಿಸಿದಳು.

ಅದಾದ ಮೇಲೆಯೇ ಅವಳು ಬೀಗದವನ ಮೇಜಿನೆದುರು ಬಂದದ್ದು. ಅವನು ಎದ್ದು ನಿಂತ.

"ಕೈ ಚಾಚಿ," ಎಂದಳು.

ಅವನ ಅಂಗೈಯಲ್ಲಿ ಹೊಸ ಬೀಗದ ಕೀ ಇಟ್ಟಳು. ಅವಳ ಕಿವಿ ಕೆಂಪಾಗಿತ್ತು. "ಈ ಸಲ ನಾನೇ ಕೊಡ್ತಿದ್ದೀನಿ. ನನಗೆ ನೀವಂದ್ರೆ... ಇಷ್ಟ. ತುಂಬಾ."

ಅವನು ಕೀಯನ್ನು ನೋಡಲಿಲ್ಲ. ಮುಷ್ಟಿ ಮುಚ್ಚಿ, ಹಾಗೇ ಅವಳ ಕೈಗೆ ಹಿಂತಿರುಗಿಸಿದ.

"ಇದು ಬೇಡ."

"ಅಂದ್ರೆ... ನಾನು ಬೇಡ್ವಾ?"

"ನೀವು ಬೇಕು. ಕೀ ಬೇಡ." ಅವನ ಕಣ್ಣು ಒದ್ದೆಯಾಗಿತ್ತು. "ನಾನು ಬಂದಾಗೆಲ್ಲ ಒಳಗಿಂದ ನೀವೇ ತೆಗೀಬೇಕು. ಬೇಡ ಅನ್ನಿಸಿದ ದಿನ ತೆಗೀಬಾರದು. ನನಗೆ ಅಷ್ಟು ಸಾಕು."

"ಮದುವೆ ಆದ್ಮೇಲೂ?" ಬಾಯಿ ಜಾರಿತು! ನಾಲಿಗೆ ಕಚ್ಚಿಕೊಂಡಳು.

ಅವನು ನಕ್ಕ. ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಓರೆ ಕೋರೆಹಲ್ಲು ಪೂರ್ತಿ ಕಂಡಿತು.

"ಆದ್ಮೇಲೂ ಬೆಲ್ ಹೊಡ್ಕೊಂಡೇ ಬರ್ತೀನಿ."

"ನಮ್ಮನೆ ಬೆಲ್ ಕೆಟ್ಟಿದೆ."

"ರಿಪೇರಿಗೆ ಬರ್ಲಾ?"

"ಬನ್ನಿ," ಎಂದಳು ಅವಳು. "ತೆಗೀತೀನಿ."